ಬೊಟ್ಟಿಟ್ಟ ಸೂರ್ಯ

ಜಯನಗರ ಒಂಬತ್ತನೇ ಬ್ಲಾಕ್
14 ಜೂನ್ 2024

ಚಿ. ಅರ್ಪಿತಳಿಗೆ ಅಪ್ಪನ ಆಶೀರ್ವಾದಗಳು.

ಫೋನಿದ್ದೂ ಈ ಮನುಷ್ಯ ಕಾಗದ ಯಾಕೆ ಬರೀತಾನೆ ಅಂತ ನಗಬೇಡ. ಫೋನಿನಲ್ಲಿ ನಾನು ವಿಷಯಕ್ಕೆ ಬರುವಷ್ಟರಲ್ಲಿ ನೀನು “ಆಮೇಲೆ ಮಾಡ್ತೀನಪ್ಪ, ಪೇಷೆಂಟ್ಸ್ ಇದಾರೆ” ಅಂತ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಅರ್ಧಕ್ಕೆ ಕಟ್ ಮಾಡುವ ಹಾಗಿಲ್ಲ. ನನ್ನ ಬರವಣಿಗೆ ಉದ್ದ ಅನ್ನುವುದು ಹೊಸ ದೂರೇನಲ್ಲ. ಬಿ.ಎಸ್ಸಿ.ಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಪ್ರೆಸಿ ಬರೆಸುತ್ತಿದ್ದರು. ಮುನ್ನೂರು ಪದದ್ದನ್ನು ನೂರಕ್ಕೆ ಇಳಿಸಬೇಕು. ನಾನು ನಾನೂರು ಮಾಡಿ ಕೊಟ್ಟೆ. ಹತ್ತಕ್ಕೆ ಎರಡು. “ಮಿಸ್ಟರ್ ಪರಮಶಿವಯ್ಯ, ಯೂ ಹ್ಯಾವ್ ನಾಟ್ ಕಟ್ ಇಟ್, ಯೂ ಹ್ಯಾವ್ ವಾಟರ್ಡ್ ಇಟ್” ಅಂದರು. ಇಡೀ ಕ್ಲಾಸು ನಕ್ಕಿತು.

ನಿನ್ನೆ ನಿಮ್ಮಮ್ಮನ ಬೀರು ಜೋಡಿಸುತ್ತಿದ್ದೆ. ನಮ್ಮ ಮೆಡಿಕಲ್ ಷಾಪಿನ ಹಳೇ ಕವರುಗಳ ಕಟ್ಟು ಸಿಕ್ಕಿತು. ನೆನಪಿದೆಯೆ? ಓದು ಬಾರದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಅಂತ ಅವಳು ಕವರಿನ ಮೇಲೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆಯುತ್ತಿದ್ದಳು. ಒಬ್ಬಾಕೆ ಸೂರ್ಯನನ್ನು ಹುಣ್ಣಿಮೆ ಚಂದ್ರ ಅಂದುಕೊಂಡು ಎಲ್ಲವನ್ನೂ ರಾತ್ರಿಯೇ ನುಂಗಿದ ಮೇಲೆ, ಸೂರ್ಯನ ಹಣೆಗೊಂದು ಬೊಟ್ಟು ಇಡಲು ಶುರು ಮಾಡಿದಳು. ಬೊಟ್ಟಿದ್ದರೆ ಬೆಳಗ್ಗೆ. ಬೆಂಗಳೂರಿನಲ್ಲಿ ಇನ್ಯಾವ ಅಂಗಡಿಯಲ್ಲೂ ಅಂಥ ಸೂರ್ಯ ಇರಲಿಲ್ಲ. ಅವಳು ಹೋಗಿ ಎರಡು ವರ್ಷ. ಆ ಕವರುಗಳನ್ನು ಎಸೆಯಲು ಮನಸ್ಸು ಬರಲಿಲ್ಲ.

ನೌ ಕಮಿಂಗ್ ಟು ದಿ ಪಾಯಿಂಟ್. ಸೀನು ವಿಷಯ. ಇಪ್ಪತ್ತೆಂಟು ವರ್ಷ ನನ್ನ ಪಕ್ಕ ಕೌಂಟರಿನಲ್ಲಿ ನಿಂತವನು, ನಿನ್ನನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನು. ಚಿಕ್ಕಲಸಂದ್ರದ ಮನೆಗೆ ಮೂರನೇ ಮಹಡಿ ಏರಿಸಲು ಹೋಗಿ, ಗೋಡೆ ಬಿದ್ದು, ಗಾರೆಯವನೊಬ್ಬ ತೀರಿಕೊಂಡ. ಅದು ತಪ್ಪೇ, ನಾನು ಇಲ್ಲ ಅನ್ನುವುದಿಲ್ಲ. ಬೇಲು ಸಿಗದೆ ಏಪ್ರಿಲ್‌ನಿಂದ ನೀನು ಡಾಕ್ಟರಾಗಿರುವ ಜೈಲಿನಲ್ಲೇ ಇದ್ದಾನೆ. ನನ್ನ ಮಗಳು ಒಳಗಿದ್ದಾಳೆ ಅಂತ ನನಗೆ ಧೈರ್ಯವಿತ್ತು.

ಮಂಗಳವಾರ ನೋಡಲು ಹೋದರೆ ಜ್ವರ, ಕೆಮ್ಮು. ಜಾಲರಿಯ ಆ ಕಡೆಯಿಂದ ಏನಂದ ಗೊತ್ತೆ? “ಏನೋ ಶಿವಯ್ಯ, ನಿನ್ ಮಗಳು ಡಾಕ್ಟ್ರೋ ಇಲ್ಲಾ ಉಪ್ಪಿನಕಾಯಿ ಹಾಕೋಳೋ? ಯಾರ್ ಹೋದ್ರೂ ಉಪ್ಪುನೀರು, ಉಪ್ಪುನೀರು ಅಂತಾಳಲ್ಲೋ!”

ನನಗೆ ನಗು ಬರಲಿಲ್ಲ. ಮೆಡಿಕಲ್ ಷಾಪಿನಲ್ಲಿ ಬೆಳೆದ ಹುಡುಗಿ ನೀನು. ಒಂದು ಐದು ದಿನದ ಆಂಟಿಬಯಾಟಿಕ್ ಕೊಟ್ಟರೆ ಸರ್ಕಾರದ ಗಂಟೇನು ಹೋಗುತ್ತದೆ? ಸೀನು ಬೇರೆಯವನೆ? ಕೈಂಡ್ಲಿ ಡೂ ದಿ ನೀಡ್‌ಫುಲ್.

ನಿನ್ನ ದಾರಿ ನೋಡುವ
ಅಪ್ಪ

*

ಜೈಲು ಕ್ವಾರ್ಟರ್ಸ್
22 ಜೂನ್ 2024

ಪ್ರೀತಿಯ ಅಪ್ಪ,

ಸೀನು ಮಾಮನಿಗೆ ಜ್ವರ ಬಿಟ್ಟು ನಾಲ್ಕು ದಿನವಾಯಿತು. ಕೆಮ್ಮು ಸ್ವಲ್ಪ ಉಳಿದಿದೆ, ಅದೂ ಹೋಗುತ್ತದೆ. ದಿನ ಬಿಟ್ಟು ದಿನ ಎದೆ ಪರೀಕ್ಷೆ ಮಾಡುತ್ತಿದ್ದೇನೆ. ಬಂದದ್ದು ವೈರಲ್. ಅದಕ್ಕೆ ಆಂಟಿಬಯಾಟಿಕ್ ಕೊಟ್ಟರೂ ಏಳು ದಿನ, ಕೊಡದಿದ್ದರೂ ಏಳು ದಿನ. ಉಪ್ಪಿನಕಾಯಿ ಮಾತು ನನಗೂ ಹೇಳಿದರು, ಎಲ್ಲರ ಮುಂದೆ. ನಕ್ಕೆ.

ಇದೊಂದು ಸಲ ನಾನು ಹೇಳುವುದನ್ನು ಕೇಳಿಸಿಕೊಳ್ಳಿ. ನಾನು ಇಲ್ಲಿಗೆ ಬಂದಾಗ ಕೆಮ್ಮಿಗೂ ಆಂಟಿಬಯಾಟಿಕ್, ಹೊಟ್ಟೆನೋವಿಗೂ ಅದೇ. ಕೊಟ್ಟು ಕಳಿಸಿದರೆ ಸಾಲು ಬೇಗ ಕರಗುತ್ತದೆ. ತೆಗೆದುಕೊಂಡು ಹೋದವರು ಎರಡು ನುಂಗಿ ಉಳಿದದ್ದನ್ನು ದಿಂಬಿನ ಕೆಳಗೆ ಇಡುತ್ತಿದ್ದರು. ಮುಂದಿನ ಸಲಕ್ಕೆ, ಪಕ್ಕದವರಿಗೆ, ಒಂದು ಕಟ್ಟು ಬೀಡಿಗೆ. ಹೀಗೆ ಅರ್ಧಂಬರ್ಧ ತಿಂದರೆ ಕ್ರಿಮಿ ಸಾಯುವುದಿಲ್ಲ, ಪಳಗುತ್ತದೆ. ಒಂದೇ ಬ್ಯಾರಕ್ಕಿನಲ್ಲಿ ಅರವತ್ತು ಜನ ಒಬ್ಬರ ಉಸಿರು ಒಬ್ಬರು ಕುಡಿದು ಮಲಗುವ ಜಾಗ ಇದು. ಒಬ್ಬರಲ್ಲಿ ಪಳಗಿದ್ದು ಎಲ್ಲರಿಗೂ ಹರಡುತ್ತದೆ.

ಈಗ ಬೇಕಾದವರಿಗೆ ಮಾತ್ರ ಕೊಡುತ್ತೇವೆ. ಯಾಕೆ, ಎಷ್ಟು ದಿನ ಅಂತ ಬರೆದು, ನರ್ಸ್ ಎದುರಿಗೇ ನುಂಗಿಸುತ್ತೇವೆ. ಎರಡು ವಾರ ದಾಟಿದ ಕೆಮ್ಮಾದರೆ ಮೊದಲು ಕಫ ಪರೀಕ್ಷೆ. ನೀವು ಅಂಗಡಿಯಲ್ಲಿ ಎಲ್ಲ ಹಟದ ಕೆಮ್ಮಿಗೂ ಕೊಡುತ್ತಿದ್ದ ಲಿವೋ ಆಂಟಿಬಯಾಟಿಕ್ ಇದೆಯಲ್ಲ, ಅದು ಟಿ.ಬಿ.ಯನ್ನು ವಾಸಿ ಮಾಡುವುದಿಲ್ಲ, ಮರೆ ಮಾಡುತ್ತದೆ. ಅದಕ್ಕೇ ಇಲ್ಲಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.

ನನ್ನ ಮೇಲೆ ನಂಬಿಕೆ ಇರಲಿ. ಬಿ.ಪಿ. ಮಾತ್ರೆ ಮರೆಯಬೇಡಿ.

ನಿಮ್ಮ ಅರ್ಪಿತ

*

ಕೈದಿಯ ಪತ್ರ, ಕಚೇರಿಯಲ್ಲಿ ಓದಿ ಮೊಹರು ಹಾಕಿದ್ದು
19 ಜುಲೈ 2024

ಲೋ ಶಿವಯ್ಯ,

ಈ ಕಾಗದವನ್ನು ಆಫೀಸಿನವರು ಓದಿಯೇ ಕಳಿಸುತ್ತಾರೆ, ಆದ್ದರಿಂದ ಬೈಗುಳ ಕಮ್ಮಿ ಹಾಕಿದ್ದೇನೆ. ನೀನು ಎರಡು ಸಲ ತಂದುಕೊಟ್ಟ ಪಂಚೆ ಚೆನ್ನಾಗಿದೆ. ಅಂಚು ಬಹಳ ಗಟ್ಟಿ. ಅದರ ಜೊತೆಗಿದ್ದ ಪ್ರಸಾದವನ್ನು ಒಬ್ಬನೇ ಹೇಗೆ ತಿನ್ನಲಿ? ಕೆಮ್ಮುತ್ತಾ ಕೂತವರಿಗೆಲ್ಲ ಎರಡೆರಡು ಹಂಚಿದೆ. ಬೊಮ್ಮನಹಳ್ಳಿ ಕಡೆಯ ಬೋರಣ್ಣ ಅಂತ ಒಬ್ಬರಿದ್ದಾರೆ, ದಾಯಾದಿ ಜಗಳದಲ್ಲಿ ಬಂದವರು, ತುಂಬ ಮರ್ಯಾದಸ್ಥರು. ಅವರಿಗಂತೂ ಐದು ಕೊಟ್ಟೆ. ತಿಂಗಳಿಂದ ಬಿಡದ ಕೆಮ್ಮು ನಿಂತುಹೋಯಿತು. “ಸೀನಪ್ಪ, ನಿಮ್ದು ದೇವ್ರ ಕೈ ಕಣ್ರೀ” ಅಂತಾರೆ. ನಮ್ಮ ಅಂಗಡಿ ಇಲ್ಲೂ ತೆರೆದಿದೆ ಅಂದುಕೋ, ಬೋರ್ಡ್ ಒಂದು ಬಾಕಿ. ಮುಂದಿನ ಸಲವೂ ಪಂಚೆಯೇ ಇರಲಿ.

ಒಳಗಿನಿಂದ,
ಸೀನು

*

ಜಯನಗರ ಒಂಬತ್ತನೇ ಬ್ಲಾಕ್
3 ಸೆಪ್ಟೆಂಬರ್ 2024

ಚಿ. ಅರ್ಪಿತಳಿಗೆ,

ನಿನ್ನೆ ಸೀನುವನ್ನು ನೋಡಿಬಂದೆ. ಕೆನ್ನೆ ತುಂಬಿಕೊಂಡಿದೆ. ನಿನ್ನ ಉಪ್ಪುನೀರು ವಂಡರ್ಸ್ ಮಾಡಿದೆ ಅಂತ ಅವನೂ ಒಪ್ಪಿಕೊಂಡ, ನಾನೂ ಒಪ್ಪಿಕೊಂಡೆ. ಇಬ್ಬರೂ ಸ್ವಲ್ಪ ಜಾಸ್ತಿಯೇ ನಕ್ಕೆವು.

ಗೇಟಿನಲ್ಲಿ ಈಗ ನನಗೆ ಸಿಗುವ ಮರ್ಯಾದೆಯನ್ನು ನಿಮ್ಮಮ್ಮ ನೋಡಬೇಕಿತ್ತು. ಮೊದಲ ಸಲ ಸಾಲಿನಲ್ಲಿ ಒಂದೂವರೆ ಗಂಟೆ ನಿಂತು, ಬ್ಯಾಗನ್ನೆಲ್ಲ ಕೊಡವಿಸಿ ಒಳಗೆ ಬಿಟ್ಟಿದ್ದರು. ಎರಡನೇ ಸಲ “ನಾನು ಡಾಕ್ಟರ್ ಅರ್ಪಿತ ಅವರ ತಂದೆ” ಅಂದೆ, ಸುಮ್ಮನೆ, ಮಾತಿಗೆ. “ಅಯ್ಯೋ, ಮೇಡಂ ಫಾದರ್ರು! ಕುರ್ಚಿ ಹಾಕ್ರೋ! ಸಾರ್, ನಮ್ ತಾಯಿ ಶುಗರ್‌ನ ನಿಮ್ ಮಗಳೇ ಕಂಟ್ರೋಲಿಗ್ ತಂದಿದ್ದು” ಅಂತ ಒಬ್ಬ ನೀರು ತಂದುಕೊಟ್ಟ. ಇನ್ನೊಬ್ಬ ನನ್ನ ಬಟ್ಟೆಚೀಲವನ್ನು ಮುಟ್ಟದೆ ಕೈಮುಗಿದ. ಐ ವಾಸ್ ಪ್ರೌಡ್. ಮಗಳನ್ನು ಓದಿಸಿದ್ದಕ್ಕೂ ಸಾರ್ಥಕ ಅನ್ನಿಸಿತು.

ಆಗಸ್ಟಿನಲ್ಲಿ ನೀನು ಎಲ್ಲರಿಗೂ ಕಫ ಪರೀಕ್ಷೆ ಕ್ಯಾಂಪು ಮಾಡಿಸಿದೆಯಂತೆ, ಸೀನು ಇರುವ ಬ್ಯಾರಕ್ಕಿನಲ್ಲಿ ಒಬ್ಬರಿಗೂ ಏನೂ ಬರಲಿಲ್ಲವಂತೆ. ಒಳ್ಳೆಯದಾಯಿತು. ಸುಮ್ಮನೆ ಗಾಬರಿ ಬೀಳುತ್ತೀಯ ನೀನು.

ಗೌರಿ ಹಬ್ಬಕ್ಕಾದರೂ ಬಾ. ಕಡುಬು ನಾನೇ ಮಾಡುತ್ತೇನೆ, ಸೀಯದೆ ಬಂದರೆ.

ಬಾಗಿಲು ತೆರೆದೇ ಇಟ್ಟಿರುವ
ಅಪ್ಪ

*

ಜೈಲು ಕ್ವಾರ್ಟರ್ಸ್
17 ಅಕ್ಟೋಬರ್ 2024

ಅಪ್ಪ,

ಸೋಮವಾರ ಬೋರಣ್ಣ ಅನ್ನುವವರನ್ನು ಇಬ್ಬರು ಹಿಡಿದುಕೊಂಡು ಆಸ್ಪತ್ರೆಗೆ ತಂದರು. ಬಕೆಟ್ಟಿನಲ್ಲಿ ರಕ್ತ ಕೆಮ್ಮಿದ್ದರು. ಮೂರು ತಿಂಗಳಲ್ಲಿ ಹನ್ನೊಂದು ಕೆ.ಜಿ. ಇಳಿದಿದ್ದಾರೆ. ಆಗಸ್ಟ್ ಕ್ಯಾಂಪಿನಲ್ಲಿ ಇದೇ ಮನುಷ್ಯನನ್ನು ನಾನು ಕೇಳಿದ್ದೆ. “ಕೆಮ್ಮು ನಿಂತೋಗದೆ ತಾಯಿ” ಅಂದಿದ್ದರು. ಕಫದಲ್ಲೂ ಏನೂ ಕಾಣಲಿಲ್ಲ. ಈಗ ಟಿ.ಬಿ. ಅಂತ ಬಂದಿದೆ, ಎರಡೂ ಕಡೆಯ ಶ್ವಾಸಕೋಶದಲ್ಲಿ.

ನಡುವೆ ಏನಾದರೂ ಮಾತ್ರೆ ತೆಗೆದುಕೊಂಡಿರಾ ಅಂತ ಕೇಳಿದೆ. ಅವರು ಮುಚ್ಚಿಡಲಿಲ್ಲ. ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದುಕೊಟ್ಟರು, ಬೇಕಾದರೆ ನೀನೂ ಇಟ್ಟುಕೋ ಅನ್ನುವ ಹಾಗೆ. ಅದರ ಮೇಲೆ ಸೂರ್ಯ ಇತ್ತು. ಹಣೆಯ ಮೇಲೆ ಬೊಟ್ಟಿತ್ತು.

ನರ್ಸ್ ನನ್ನನ್ನು ಎರಡು ಸಲ ಕರೆದರಂತೆ, ನನಗೆ ಕೇಳಿಸಿರಲಿಲ್ಲ.

ಸೀನು ಮಾಮನನ್ನು ಕರೆಸಿದೆ. “ಇಪ್ಪತ್ತೆಂಟ್ ವರ್ಷ ಕೌಂಟರಲ್ಲಿ ನಿಂತೋನು ಕಣಮ್ಮ, ಕೆಮ್ಮೋರ್ನ ನೋಡ್ಕೊಂಡು ಸುಮ್ನೆ ಕೂತ್ಕೊಳಕ್ಕಾಗತ್ತಾ? ನಿಮ್ಮಪ್ಪನೇ ತಂದ್ಕೊಟ್ಟಿದ್ದು, ನಾನೇನ್ ಕದ್ದಿಲ್ಲ” ಅಂದರು. ಪಂಚೆಗಳನ್ನೂ ತೋರಿಸಿದರು. ಅಂಚನ್ನು ಬಿಚ್ಚಿ ಮತ್ತೆ ಹೊಲಿದ ದಾರ ಹಸಿರು. ಅಮ್ಮನ ಹೊಲಿಗೆ ಡಬ್ಬಿಯದು.

ಬೋರಣ್ಣನಿಗೆ ಐದು, ಕೆಮ್ಮು ಮರಳಿದಾಗ ಇನ್ನೈದು, ಆಮೇಲೆ ಮತ್ತೆ ಐದು. ಪ್ರತಿ ಸಲವೂ ಸ್ವಲ್ಪ ವಾಸಿಯಾದಂತೆ ಆಗಿದೆ, ಒಳಗೆ ರೋಗ ಬೆಳೆದಿದೆ. ಅವರ ಆ ಪಕ್ಕ ಈ ಪಕ್ಕ ಮಲಗುತ್ತಿದ್ದವರು ಹನ್ನೊಂದು ಜನ. ಇವತ್ತಿನವರೆಗೆ ಮೂವರಿಗೆ ಟಿ.ಬಿ. ಇದೆ ಅಂತ ಗೊತ್ತಾಗಿದೆ.

ಸೂಪರಿಂಟೆಂಡೆಂಟ್‌ಗೆ ವರದಿ ಕೊಟ್ಟಿದ್ದೇನೆ. ಮಾತ್ರೆ ತಂದವರು: ಪರಮಶಿವಯ್ಯ. ವೈದ್ಯಾಧಿಕಾರಿಗೆ ಏನಾಗಬೇಕು: ತಂದೆ. ನಾನೇ ಬರೆದೆ, ನನ್ನ ಕೈಯಲ್ಲೇ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು ಅಂತ ಈ ಕಾಗದ.

ಅರ್ಪಿತ

*

ಜಯನಗರ
25 ಅಕ್ಟೋಬರ್ 2024

ಡಾಕ್ಟರ್ ಅರ್ಪಿತ ಅವರಿಗೆ,

ಐ ಬೆಗ್ ಟು ಸ್ಟೇಟ್. ಹೀಗೇ ಅಲ್ಲವೆ ಅಧಿಕಾರಿಗಳಿಗೆ ಬರೆಯುವುದು?

ಬುಧವಾರ ಬೆಳಗ್ಗೆ ಇಬ್ಬರು ಪೊಲೀಸರು ಮನೆಗೆ ಬಂದರು. ಎದುರು ಮನೆಯವರು ರಂಗೋಲಿ ಅರ್ಧಕ್ಕೆ ಬಿಟ್ಟು ನೋಡಿದರು. ನಮ್ಮ ಅಂಗಡಿ ಕೊಂಡ ದಿನೇಶನ ಬಳಿಗೆ ಡ್ರಗ್ ಇನ್‌ಸ್ಪೆಕ್ಟರ್ ಹೋಗಿದ್ದರಂತೆ. “ಅಂಕಲ್, ನಿಮ್ಗೆ ಡಾಕ್ಟರ್ ಚೀಟಿ ಯಾಕೆ, ನಿಮ್ದೇ ಅಂಗಡಿ” ಅಂತ ಕೊಡುತ್ತಿದ್ದ ಹುಡುಗ. ನಿನ್ನೆ ನಾನು ಹೋದರೆ ಸ್ಟೂಲು ಒಳಗೆ ಎಳೆದುಕೊಂಡ. ಮೂವತ್ತೊಂದು ವರ್ಷ ನಾನು ಕೂತ ಸ್ಟೂಲು ಅದು.

ಸೀನು ಮೊದಲನೇ ಪ್ರಶ್ನೆಗೇ ನನ್ನ ಹೆಸರು ಹೇಳಿದ. ಎಲ್ಲವನ್ನೂ ನೀನೇ ನುಂಗಬೇಕು ಅಂತ ಆಣೆ ಹಾಕಿಸಿಕೊಂಡು ಕೊಟ್ಟಿದ್ದೆ. ಅವನ ಪ್ರಸಾದದ ಕಾಗದ ಬಂದಾಗ ನನಗೂ ಸ್ವಲ್ಪ ಖುಷಿಯೇ ಆಗಿತ್ತು ಅನ್ನುವುದು ಬೇರೆ ಮಾತು, ಅದನ್ನು ಇಲ್ಲಿ ಬರೆಯಬಾರದಿತ್ತೋ ಏನೋ. ಅವನನ್ನು ಬಿಡು, ಹೊರಗಿನವನು. ನೀನು? ನಿನಗೆ ಟೈಫಾಯ್ಡ್ ಬಂದಾಗ ಇಪ್ಪತ್ತೊಂದು ದಿನ ಒದ್ದೆ ಬಟ್ಟೆ ಹಾಕಿದ ಕೈ ಇದು. ಆ ಕೈಯ ಮಾಲೀಕನ ಹೆಸರನ್ನು ಕಳ್ಳಸಾಗಣೆಯವನ ಹಾಗೆ ಬರೆದೆ. ನಿಮ್ಮಮ್ಮನ ಸೂರ್ಯನನ್ನು ಸಾಕ್ಷಿ ಕಟಕಟೆ ಹತ್ತಿಸಿದೆ. ಬೆಳೆಸಿದವರಿಗೆ ಯಾವ ಮಗಳೂ ಹೀಗೆ ಮಾಡುವುದಿಲ್ಲ.

ನಾನು ಕೆಟ್ಟದ್ದು ಮಾಡಲು ತಂದೆನೆ? ಸೀನುವಿಗೆ ಉಳಿದಿದ್ದ ಕೆಮ್ಮಿಗೆ ಲಿವೋ ಕೊಟ್ಟೆ. ಮೂವತ್ತೊಂದು ವರ್ಷ ಮಾತ್ರೆ ಕೊಟ್ಟಿದ್ದೇನೆ, ಒಬ್ಬರೂ ತಿರುಗಿ ಬಂದು ಬೈದಿಲ್ಲ.

ಇನ್ನೂ ಕಾಲ ಮಿಂಚಿಲ್ಲ. ಸೀನು ಕೋರ್ಟಿಗೆ ಹೋದಾಗ ಯಾರಿಂದಲೋ ತಂದ ಅಂತ ತಿದ್ದಿ ಬರೆದುಬಿಡು. ಒಂದೇ ಸಾಲು. ಓನ್ಲಿ ಒನ್ ಲೈನ್. ನಿನ್ನ ಅಪ್ಪನಿಗೆ ಒಂದು ಸಾಲು ಕೊಡಲಾರೆಯಾ?

ಬಿ. ಪರಮಶಿವಯ್ಯ

*

ಜೈಲು ಕ್ವಾರ್ಟರ್ಸ್
2 ನವೆಂಬರ್ 2024

ಅಪ್ಪ,

ಆ ಸಾಲು ಬರೆಯಲಾರೆ.

ನನಗೆ ನೋಟಿಸ್ ಬಂದಿದೆ. ಇದೆಲ್ಲ ನನಗೆ ಗೊತ್ತಿದ್ದೇ ನಡೆಯಿತೆ ಅಂತ ಕೇಳಿದ್ದಾರೆ. ಕೇಳಲೇಬೇಕು, ನಾನಾಗಿದ್ದರೂ ಕೇಳುತ್ತಿದ್ದೆ. ವಿಚಾರಣೆ ಮುಗಿಯುವವರೆಗೆ ನಾನು ರೋಗಿಗಳನ್ನು ನೋಡುವಂತಿಲ್ಲ. ಗೇಟಿನ ಇಬ್ಬರೂ ಸಸ್ಪೆಂಡ್ ಆಗಿದ್ದಾರೆ. ನಿಮಗೆ ನೀರು ಕೊಟ್ಟವರೂ ಅದರಲ್ಲಿದ್ದಾರೆ. ಆ ಚೀಲವನ್ನು ಯಾಕೆ ತೆಗೆದು ನೋಡಲಿಲ್ಲ ಅಂದರೆ, ಡಾಕ್ಟರ್ ಮೇಡಂ ಅಪ್ಪ ಅಂಥವರಾ ಸಾರ್ ಅಂದರಂತೆ.

ನೀವು ಮಾತಿಗೆ ಹೇಳಿದ್ದಲ್ಲ ಅಪ್ಪ. ಚೀಲದಲ್ಲಿ ಏನಿದೆ ಅಂತ ಗೊತ್ತಿದ್ದೇ ನನ್ನ ಹೆಸರು ಹೇಳಿದಿರಿ. ಸೆಪ್ಟೆಂಬರಿನ ನಿಮ್ಮ ಕಾಗದವನ್ನು ಮತ್ತೆ ಓದಿದೆ. ಅದನ್ನು ಮೊದಲ ಸಲ ಓದಿದಾಗ ನಾನೂ ಹೆಮ್ಮೆ ಪಟ್ಟಿದ್ದೆ.

ಬೋರಣ್ಣನ ಕ್ರಿಮಿ ಲಿವೋ ಜಾತಿಯ ಮಾತ್ರೆಗೆ ಇನ್ನು ಜಗ್ಗುತ್ತದೋ ಇಲ್ಲವೋ ಅನ್ನುವ ಪರೀಕ್ಷೆಗೆ ಕಳಿಸಿದ್ದೇವೆ. ಈಗ ಬೇರೆ ಮಾತ್ರೆ ನಡೆಯುತ್ತಿದೆ, ಆರು ತಿಂಗಳು ಒಂದು ದಿನವೂ ತಪ್ಪುವ ಹಾಗಿಲ್ಲ.

ವಿಚಾರಣೆ ಜನವರಿ ಹದಿಮೂರಕ್ಕೆ. ಬನ್ನಿ ಅಂತ ನಾನು ಕೇಳುವುದಿಲ್ಲ.

ಅರ್ಪಿತ

*

ಜಯನಗರ ಒಂಬತ್ತನೇ ಬ್ಲಾಕ್
13 ಜನವರಿ 2025, ಸಂಜೆ

ಅರ್ಪಿತ,

ಎರಡು ತಿಂಗಳು ಬರೆಯಲಿಲ್ಲ. ಬರೆದು ಹರಿದದ್ದು ಒಂಬತ್ತು ಕಾಗದ, ಎಲ್ಲವೂ ಉದ್ದ.

ನಿನ್ನೆ ಬೆಳಗ್ಗೆ ಗೇಟು ಸದ್ದಾಯಿತು. ಐವತ್ತೈದು ದಾಟಿದ ಹೆಂಗಸು, ಕೈಯಲ್ಲಿ ಬಟ್ಟೆಚೀಲ. “ಮೆಡಿಕಲ್ ಷಾಪ್ ಅಯ್ನೋರ ಮನೆ ಇದೇನಾ?” ಅಂದರು. ಬೋರಣ್ಣನ ಹೆಂಡತಿ, ಬೈರಮ್ಮ. ಬೈಯಲು ಬಂದಿದ್ದಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ಅವರು ಚೀಲವನ್ನು ನನ್ನ ಕಾಲ ಬಳಿ ಇಟ್ಟರು. ಅವರೆಕಾಯಿ, ಮಂಜಿನಲ್ಲಿ ಕಿತ್ತದ್ದು, ಸೊಗಡು ಮನೆಯೆಲ್ಲ ತುಂಬಿತು. “ನಮ್ ಯಜಮಾನ್ರು ನಿಮ್ ಹೆಸ್ರೇ ಹೇಳ್ತಿರ್ತಾರೆ ಅಯ್ನೋರೆ. ಈಗ ಕೊಡೋ ಮಾತ್ರೆ ಒಗ್ತಾ ಇಲ್ಲ. ಹೊಟ್ಟೆ ತೊಳಸ್ತದಂತೆ, ಉಚ್ಚೆ ಕೆಂಪಗೆ ಹೋಯ್ತದಂತೆ. ಆ ಸೂರ್ಯನ್ ಮಾತ್ರೆ ಎಷ್ಟ್ ಚೆನ್ನಾಗಿತ್ತು, ಎರಡೇ ದಿನಕ್ಕೆ ಕೆಮ್ಮು ನಿಂತಿತ್ತು, ಅದನ್ನೇ ತತ್ತಾ ಅಂದವ್ರೆ. ಸೀನಪ್ಪೋರು ಹೇಳಿದ್ರು, ಅಯ್ನೋರು ಇಲ್ಲ ಅನ್ನಲ್ಲ ಅಂತ.”

ತಿರುಗಿ ಬಂದು ಯಾರೂ ಬೈದಿಲ್ಲ ಅಂತ ನಿನಗೆ ಬರೆದಿದ್ದೆನಲ್ಲ. ತಿರುಗಿ ಬಂದವರು ಹೀಗೆ ಬರುತ್ತಾರೆ.

ಕೊಡಲ್ಲ ಅಂದೆ. ಕೆಂಪಗೆ ಹೋಗುವುದು ಮಾತ್ರೆಯ ಬಣ್ಣ, ಅದಕ್ಕೆ ಹೆದರಬೇಡಿ, ಒಂದು ದಿನವೂ ಬಿಡಬೇಡಿ ಅಂದೆ. ನಿನ್ನ ಮಾತುಗಳನ್ನೇ ಹೇಳಿದೆ, ನಿನ್ನ ಕಾಗದದಿಂದ ಎತ್ತಿಕೊಂಡು. ಅವರು ನನ್ನ ಮುಖವನ್ನೇ ನೋಡಿದರು. “ನೀವೂ ಹಿಂಗಂತೀರಾ ಅಯ್ನೋರೆ?” ನಾನು ನಿನಗೆ ಜೂನ್‌ನಲ್ಲಿ ಕೇಳಿದ್ದೂ ಅದೇ ಅಲ್ಲವೆ.

ಆಗ ಹೇಳಿದೆ. ಆ ಮಾತ್ರೆ ಕಳಿಸಿದ್ದು ನಾನು, ಅದರಿಂದಲೇ ರೋಗ ಮುಚ್ಚಿಹೋಗಿ ಇಷ್ಟು ಬೆಳೆಯಿತು, ನಿಮ್ಮ ಯಜಮಾನರು ರಕ್ತ ಕೆಮ್ಮಿದ್ದು ನನ್ನ ದೆಸೆಯಿಂದ. ಬೈರಮ್ಮ ಚೀಲವನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ “ಗೊತ್ತಿದ್ದೂ ಕೊಟ್ರಾ?” ಅಂದರು. ಗೊತ್ತಿರಲಿಲ್ಲ ಅನ್ನಲು ಬಾಯಿ ತೆರೆದೆ. ಜೂನ್ ಇಪ್ಪತ್ತೆರಡನೇ ತಾರೀಖು ನೀನು ಬರೆದಿದ್ದೆ. ಲಿವೋ ಹೆಸರನ್ನೇ ಬರೆದಿದ್ದೆ. ಓದಿದ್ದೆ. ಮಗಳಿಗೇನು ಗೊತ್ತು ಅಂದುಕೊಂಡಿದ್ದೆ.

“ಗೊತ್ತಿತ್ತು ತಾಯಿ” ಅಂದೆ.

ಅವರು ಚೀಲ ಎತ್ತಿಕೊಂಡು ಹೊರಟುಹೋದರು. ಹೋಗುವಾಗ ಗೇಟಿನ ಅಗುಳಿ ಹಾಕಿಯೇ ಹೋದರು, ಅಷ್ಟು ಮರ್ಯಾದಸ್ಥ ಹೆಂಗಸು. ನೆಲದ ಮೇಲೆ ಒಂದೇ ಒಂದು ಕಾಯಿ ಬಿದ್ದಿತ್ತು.

ಇವತ್ತು ವಿಚಾರಣೆಗೆ ಹೋಗಿದ್ದೆ. ನೀನು ಬೆಂಚಿನ ಆ ತುದಿಯಲ್ಲಿದ್ದೆ, ನನ್ನ ಕಡೆ ತಿರುಗಲಿಲ್ಲ. ನಾನು ಕೊಟ್ಟ ಹೇಳಿಕೆಯ ನಕಲು ಇದು:

“ಜುಲೈನಿಂದ ಸೆಪ್ಟೆಂಬರ್‌ವರೆಗೆ ಮೂರು ಸಲ ಪಂಚೆಯ ಅಂಚಿನಲ್ಲಿ ಮಾತ್ರೆ ಇಟ್ಟು ಹೊಲಿದು ಸೀನುವಿಗೆ ಕೊಟ್ಟೆ. ಬೇಡವೆಂದು ನನ್ನ ಮಗಳು ಮೊದಲೇ ಬರೆದು ತಿಳಿಸಿದ್ದಳು. ಆ ಪತ್ರವನ್ನು ಲಗತ್ತಿಸಿದ್ದೇನೆ. ನಾನು ತಂದದ್ದು ಅವಳಿಗೆ ಗೊತ್ತಿರಲಿಲ್ಲ. ಗೇಟಿನಲ್ಲಿ ಚೀಲ ನೋಡಬಾರದೆಂದೇ ಅವಳ ಹೆಸರು ಹೇಳಿದೆ. ಗೇಟಿನವರು ನನ್ನನ್ನು ನಂಬಿದರು.”

ಓದಿದ ಅಧಿಕಾರಿ “ಇಷ್ಟೇನಾ ಸಾರ್?” ಅಂದರು. ಇಷ್ಟೇ ಅಂದೆ. ನಮ್ಮ ಪ್ರೆಸಿ ಮೇಷ್ಟ್ರು ಬದುಕಿದ್ದರೆ ಮಾರ್ಕು ಕೊಡುತ್ತಿದ್ದರೋ ಏನೋ, ಕೇಳಲು ಮುಖವಿಲ್ಲ.

ಬೈರಮ್ಮ ಈಗ ನನ್ನ ಮಾತನ್ನೂ ನಂಬುವುದಿಲ್ಲ, ನಿನ್ನ ಮಾತ್ರೆಯನ್ನೂ ನಂಬುವುದಿಲ್ಲ. ನೀನೇ ಒಂದು ಸಲ ಕರೆದು ಹೇಳು. ಅದೊಂದೇ ಬೇಡಿಕೆ.

ಅಪ್ಪ

*

ಜೈಲು ಕ್ವಾರ್ಟರ್ಸ್
4 ಫೆಬ್ರವರಿ 2025

ಅಪ್ಪ,

ನೋಟಿಸ್ ವಾಪಸಾಗಿದೆ. ನಿನ್ನೆಯಿಂದ ಮತ್ತೆ ರೋಗಿಗಳನ್ನು ನೋಡುತ್ತಿದ್ದೇನೆ. ಗೇಟಿನ ಇಬ್ಬರ ವಿಚಾರ ಇನ್ನೂ ಮುಗಿದಿಲ್ಲ. ನಿಮ್ಮ ಮೇಲಿನ ಕೇಸು ಕೋರ್ಟಿಗೆ ಹೋಗುತ್ತದೆ, ವಕೀಲರ ನಂಬರ್ ಈ ಕಾಗದದ ಹಿಂಬದಿ ಬರೆದಿದ್ದೇನೆ.

ಬೋರಣ್ಣನ ಪರೀಕ್ಷೆಯ ಫಲಿತಾಂಶ ಬಂತು. ಲಿವೋ ಜಾತಿಯ ಮಾತ್ರೆ ಅವರಿಗೆ ಇನ್ನು ಮೇಲೆ ಕೆಲಸ ಮಾಡುವುದಿಲ್ಲ. ಅವರಿಂದ ರೋಗ ತಗುಲಿದ ಮೂವರಲ್ಲಿ ಒಬ್ಬರಿಗೂ ಹಾಗೆಯೇ. ಈಗ ಕೊಡುತ್ತಿರುವುದು ಸದ್ಯಕ್ಕೆ ಕೆಲಸ ಮಾಡುತ್ತಿದೆ. ಎರಡು ಕೆ.ಜಿ. ಏರಿದ್ದಾರೆ. ಇದೂ ಕೈಕೊಟ್ಟರೆ ಉಳಿಯುವ ದಾರಿ ತುಂಬ ಕಿರಿದು.

ಬೈರಮ್ಮ ಬಂದಿದ್ದರು. ಹೇಳಿದೆ. “ನಿಮ್ಮಪ್ಪ ಹೇಳಿದ್ದು ನಿಜಾನಾ ತಾಯಿ?” ಅಂತ ಕೇಳಿದರು. ನಿಜ ಅಂದೆ. ಮಾತ್ರೆ ಬಿಡದ ಹಾಗೆ ನೋಡಿಕೊಳ್ಳುತ್ತೇನೆ ಅಂದು, ಹೋಗುವಾಗ ಒಂದು ಚೀಲ ಅವರೆಕಾಯಿ ಇಟ್ಟರು. ಸುಲಿದು ಇಟ್ಟಿದ್ದೇನೆ, ಇನ್ನೂ ಸಾರು ಮಾಡಿಲ್ಲ.

ಸದ್ಯಕ್ಕೆ ಬರಬೇಡಿ. ಸೀನು ಮಾಮನನ್ನು ನೋಡಲು ನಿಮಗೆ ಜುಲೈವರೆಗೆ ಅನುಮತಿಯೂ ಇಲ್ಲ. ಆಮೇಲೆ ಬಂದರೆ ಸಾಲಿನಲ್ಲಿ ನಿಲ್ಲಿ, ಚೀಲ ಬಿಚ್ಚಿ ತೋರಿಸಿ. ಗೇಟಿನಲ್ಲಿ ನನ್ನ ಹೆಸರು ಹೇಳಬೇಡಿ.

ಅರ್ಪಿತ